ಕೈ ಎತ್ತದೆ ತೊಡುವ ಕುಬಸ

ನನ್ನ ಬೆನ್ನು ಹೇಗಿದೆ ಎಂದು ನಾನು ಮೊದಲ ಸಲ ನೋಡಿದ್ದು ತಿರುಪ್ಪೂರಿಗೆ ಬಂದ ಮೇಲೆ. ಗೋಡೆಯ ಅರ್ಧದಷ್ಟಿದ್ದ ಕಂಪ್ಯೂಟರ್ ಪರದೆಯ ಮೇಲೆ ಬೂದಿ ಬಣ್ಣದ ಹೆಂಗಸೊಬ್ಬಳು ನಿಂತಿದ್ದಳು. ಕಣ್ಣಿಲ್ಲ, ತಲೆಯಲ್ಲಿ ಕೂದಲಿಲ್ಲ, ಮೂಗಿನ ಜಾಗದಲ್ಲಿ ಒಂದು ಏಣು ಮಾತ್ರ. ಯಾರೂ ಮುಟ್ಟದಿದ್ದರೂ ನಿಂತಲ್ಲೇ ನಿಧಾನವಾಗಿ ತಿರುಗುತ್ತಿದ್ದಳು. ಬೆನ್ನು ನಮ್ಮ ಕಡೆಗೆ ಬಂದಾಗ ಕಂಡೆ, ಬಲಭುಜ ಜಾರಿದೆ, ಕತ್ತಿನ ಬುಡದಲ್ಲಿ ಸಣ್ಣ ಗೂನು.

“ಯಾರಬೇ ಈ ಮುದುಕಿ?” ಎಂದು ನಿಮ್ಮ ರೇಣುಕಾ ಅತ್ತಿಯನ್ನು ಕೇಳಿದೆ.

“ನೀನಾ ಅವ್ವಾ.”

ನಾನು ಸೆರಗೆಳೆದು ಬೆನ್ನು ಮುಚ್ಚಿಕೊಂಡೆ. ಪರದೆಯ ಮೇಲಿನವಳಿಗೆ ಎಳೆದುಕೊಳ್ಳಲು ಸೆರಗಿರಲಿಲ್ಲ. ನಾಚಿಕೆಯಿಲ್ಲದೆ ತಿರುಗುತ್ತಲೇ ಇದ್ದಳು.

ಭಾಗ್ಯಾ, ಸಂಗು, ನೀವು ಮೊಮ್ಮಕ್ಕಳು ಫೋನು ಹಚ್ಚಿದಾಗಲೆಲ್ಲ “ಆಯಿ, ಅಲ್ಲಿ ಏನ್ ಮಾಡಾಕತ್ತಿ?” ಎಂದು ಕೇಳುತ್ತೀರಿ. ನಾನು “ಏನಿಲ್ಲೋ, ಆರಾಮ ಇದ್ದೇನಿ” ಎಂದು ಮುಗಿಸಿಬಿಡುತ್ತೇನೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗಿದ್ದರೂ ಅಷ್ಟಕ್ಕಷ್ಟೆ. ನಿಮ್ಮ ಮುತ್ಯಾ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವುದಾದರೆ ತುಸು ಧೈರ್ಯ. ಚೌಡಾಪುರದ ಕಡೆಯ ನನ್ನ ತವರೂರಿನಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಮುಂದಿನ ಶಾಲೆ ಅಫಜಲಪುರದಲ್ಲಿತ್ತು, ಹುಡುಗಿಯರನ್ನು ಅಲ್ಲಿಗೆ ಯಾರು ಕಳಿಸಬೇಕು? ನಾನೇನು ಮಾಡುತ್ತಿದ್ದೇನೆಂದು ಇಲ್ಲಿ ಬರೆಯುತ್ತೇನೆ. ಸಂಗೂಗೆ ತಿಳಿಯದ ಕಡೆ ಭಾಗ್ಯಾ ಓದಿ ಹೇಳಬೇಕು.

ಕಲಬುರಗಿಯಲ್ಲಿ ನಿಮ್ಮಪ್ಪ ರೈಲು ಹತ್ತಿಸಿದ. ಮಗ್ಗುಲು ಮನೆಯವರಿಗೆಲ್ಲ ನಾನು ಹೇಳಿದ್ದು, ರೇಣುಕಾಳ ಜೊತೆ ಕೋಣೆಯಲ್ಲಿದ್ದ ಹುಡುಗಿ ಮದುವೆಯಾಗಿ ಹೋದಳು, ಮಗಳು ಒಬ್ಬಳೇ ಇದ್ದಾಳೆ, ಜೊತೆಗಿರಲು ಹೋಗುತ್ತೇನೆ ಎಂದು. ಅದು ಖರೇನೇ. ಆದರೆ ಇನ್ನೊಂದು ಮಾತಿತ್ತು, ಅದು ನಿಮ್ಮವ್ವ ಸುವರ್ಣಾಳಿಗೆ ಮಾತ್ರ ಗೊತ್ತು. ನನ್ನ ಬಲಗೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ. ಕುಬಸ ತೊಡಬೇಕೆಂದರೆ ಎಡತೋಳು ತೂರಿಸಿಕೊಂಡು ನಿಲ್ಲುತ್ತಿದ್ದೆ, ಬಲತೋಳನ್ನು ಸುವರ್ಣಾ ಹಿಂದಿನಿಂದ ಹಿಡಿದು ಮೆಲ್ಲಗೆ ತೂರಿಸುತ್ತಿದ್ದಳು. ದಿನಾ ಮುಂಜಾನೆ, ನೀವು ಏಳುವ ಮೊದಲು. ಮಗನಿಗೆ ಹೇಳಲು ನಾಚಿಕೆ. ಕುಬಸದ ಮಾತನ್ನು ಮಗನ ಮುಂದೆ ಹೇಗೆ ಹೇಳುವುದು? ಮಗಳಿಗೆ ಹೇಳಿದರೆ ಪರೇಶಾನ ಆಗುತ್ತಾಳೆ. ಹೀಗೆ ಯಾರಿಗೂ ಹೇಳದೆ ಗಂಟು ಕಟ್ಟಿಕೊಂಡು ರೈಲು ಹತ್ತಿದೆ.

ತಿರುಪ್ಪೂರು ಬಟ್ಟೆಯ ಊರು. ನಮ್ಮಲ್ಲಿ ರಾಶಿ ಮಾಡುವಾಗ ತೊಗರಿಯ ಹೊಟ್ಟು ಹಾರಿ ಹುಬ್ಬಿಗೆಲ್ಲ ಅಂಟುವುದಿಲ್ಲವೇ, ಹಾಗೆ ಇಲ್ಲಿ ನೂಲಿನ ಧೂಳು. ಬೀದಿ ಬದಿಯ ಗಟಾರದ ಅಂಚಿಗೆ ಕೆಂಪು, ನೀಲಿ ನವಿರು ಕೂತಿರುತ್ತದೆ. ಮನೆ ಮನೆಯೊಳಗಿಂದ ಹೊಲಿಗೆ ಮಷಿನಿನ ಸದ್ದು. ಮೊದಲ ವಾರ ಆ ಸದ್ದಿಗೆ ನಿದ್ದೆ ಬರಲಿಲ್ಲ. ಈಗ ಭಾನುವಾರ ಮಷಿನುಗಳು ನಿಂತರೆ ಎಚ್ಚರವಾಗುತ್ತದೆ.

ನಮ್ಮದು ಮೇಲ್ಮಹಡಿಯ ಎರಡು ಕೋಣೆ. ಅಂಗಳವಿಲ್ಲ, ಕಟ್ಟೆಯಿಲ್ಲ, ಕೂತು ಯಾರನ್ನಾದರೂ ನೋಡೋಣವೆಂದರೆ ಎದುರಿಗೆ ಇನ್ನೊಬ್ಬರ ಗೋಡೆ. ಕೆಳಗೆ ಮನೆಯೊಡತಿ ಪಾಪಾತ್ತಿ ಇರುತ್ತಾಳೆ. ನನ್ನ ವಯಸ್ಸಿನವಳೇ, ಆದರೆ ಆಕೆಯ ನಾಲಿಗೆಗೆ ಇನ್ನೂ ಹದಿನೆಂಟು. ದಿನವಿಡೀ ಬಾಗಿಲಲ್ಲಿ ಬನಿಯನ್ನಿನ ರಾಶಿ ಹಾಕಿಕೊಂಡು ಪಿಸಿರು ಕತ್ತರಿಸುತ್ತಾಳೆ. ಪಿಸಿರೆಂದರೆ ಹೊಲಿದ ಮೇಲೆ ಅಂಚಿನಲ್ಲಿ ಉಳಿಯುವ ದಾರದ ತುದಿಗಳು. ನನ್ನನ್ನು ಅವಳು ಕರೆಯುವುದು “ಅಮ್ಮಣಿ” ಎಂದು. ಇಲ್ಲಿನವರು ಹೆಂಗಸರನ್ನು ಪ್ರೀತಿಯಿಂದ ಕರೆಯುವ ರೀತಿ ಅದು. ನಾವು ಬರ್ರಿ, ಕೂಡ್ರಿ ಎಂದು ರಿ ಹಚ್ಚುವಂತೆ ಇವರು ಮಾತಿನ ಬಾಲಕ್ಕೆಲ್ಲ ‘ಂಗ’ ಹಚ್ಚುತ್ತಾರೆ. ವಾಂಗ ಎಂದರೆ ಬರ್ರಿ. ಸಾಪ್ಟೀಂಗಳಾ ಎಂದರೆ ಊಟ ಆಯಿತೇನ್ರಿ. ಮರ್ಯಾದೆ ಎಲ್ಲಿದೆ ಎಂದು ಗೊತ್ತಾದ ಮೇಲೆ ಭಾಷೆಯ ಹೆದರಿಕೆ ಅರ್ಧ ಹೋಯಿತು.

ಊಟದ್ದು ಮಾತ್ರ ಬಹಳ ದಿನ ಹಿಡಿಯಿತು. ಮುಂಜಾನೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ದೋಸೆ. ಹೊಟ್ಟೆ ತುಂಬುತ್ತದೆ, ಊಟ ಮಾಡಿದೆ ಎನ್ನಿಸುವುದಿಲ್ಲ. ಇಲ್ಲಿ ಸಜ್ಜೆಗೆ ಕಂಬು ಎನ್ನುತ್ತಾರೆ, ಜೋಳಕ್ಕೆ ಚೋಳಂ. ಸಂತೆಯಲ್ಲಿ ಒಬ್ಬಾಕೆಯ ಬುಟ್ಟಿಯಲ್ಲಿ ಚೋಳಂ ಕಂಡ ದಿನ ಹಿಡಿಯಷ್ಟು ಎತ್ತಿ ಮೂಸಿದೆ. ನಮ್ಮ ಬಿಳಿಜೋಳದಷ್ಟು ದಪ್ಪವಿಲ್ಲ. ಇರಲಿ ಎಂದು ತಂದು ಬೀಸಿಸಿದೆ. ಆದರೆ ರೊಟ್ಟಿ ಬಡಿಯಲು ಭುಜ ಒಪ್ಪಲಿಲ್ಲ, ಎಡಗೈಯಿಂದ ತಟ್ಟಿದ ರೊಟ್ಟಿ ಭೀಮಾ ಹೊಳೆಯ ದಂಡೆಯ ಹಾಗೆ ಅಡ್ಡಾದಿಡ್ಡಿ ಬಂತು. ಶೇಂಗಾ ಕುಟ್ಟಿದ ಖಾರದ ಹಿಂಡಿ ಹಚ್ಚಿ ಪಾಪಾತ್ತಿಗೊಂದು ಕೊಟ್ಟೆ. ಅವಳು ತಿಂದು, ಬಾಯಿ ಒರೆಸಿಕೊಂಡು, ಹಿಂಡಿ ಇನ್ನಷ್ಟು ಇದ್ದರೆ ಕೊಡು, ಈ ಹಪ್ಪಳ ನೀನೇ ಇಟ್ಟುಕೋ ಎಂದಳು.

ಇನ್ನು ನೀರು. ಇಲ್ಲಿ ನೀರು ಎರಡು ಜಾತಿ. ಉಪ್ಪುನೀರು ದಿನಾ ನಳದಲ್ಲಿ ಬರುತ್ತದೆ, ಅದು ಪಾತ್ರೆ ಬಟ್ಟೆಗೆ. ಕುಡಿಯುವ ನೀರಿಗೆ ನಲ್ಲ ತಣ್ಣಿ, ಅಂದರೆ ಒಳ್ಳೆಯ ನೀರು ಎನ್ನುತ್ತಾರೆ. ಅದು ಎಷ್ಟೋ ದಿನಕ್ಕೊಮ್ಮೆ, ಮುಂಜಾನೆ, ತನಗೆ ತೋಚಿದ ಹೊತ್ತಿಗೆ ಕೆಳಗಿನ ನಳಕ್ಕೆ ಬರುತ್ತದೆ. ಬಂದಾಗ ಇಳಿದು ಹಿಡಿಯದಿದ್ದರೆ ಮತ್ತೆ ಬರುವ ತನಕ ಇಲ್ಲ.

ನಾನು ದಿನಾ ನಸುಕಿನಲ್ಲಿ ಸ್ನಾನ ಮಾಡಿ ರೇಣುಕಾಳನ್ನು ಎಬ್ಬಿಸುತ್ತಿದ್ದೆ. ಅವಳು ಅರೆನಿದ್ದೆಯಲ್ಲೇ ತೋಳು ಎಳೆದು ಕೊಡುತ್ತಿದ್ದಳು. ಮುದಿ ಕೀಲು, ಮುಂಜಾನೆ ತುಸು ಬಿಗಿ ಇರುತ್ತದೆ ಎಂದುಕೊಂಡಿದ್ದಳು. ಒಂದು ದಿನ ಅವಳಿಗೆ ಅವಸರದ ಕೆಲಸ, ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟಳು. ಇವತ್ತು ನಾನೇ ತೊಡುತ್ತೇನೆ ಎಂದುಕೊಂಡು ಸ್ನಾನಕ್ಕೆ ಹೋದೆ. ಎಡತೋಳು ಹೊಕ್ಕಿತು. ಬಲಗೈಯನ್ನು ಗೋಡೆಗೆ ಆನಿಸಿ ನೋಡಿದೆ, ಕುಬಸವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಅದರೊಳಗೆ ಹೋಗಲು ನೋಡಿದೆ. ಬೆವರು ಬಂತು, ಕುಬಸ ಬರಲಿಲ್ಲ. ಸೀರೆಯನ್ನೇ ಮೈತುಂಬ ಸುತ್ತಿ ಕೂತೆ. ಅಷ್ಟರಲ್ಲಿ ಪಾಪಾತ್ತಿ ಮೇಲೆ ಬಂದು ಬಾಗಿಲು ಬಡಿದಳು.

“ಅಮ್ಮಣಿ, ನಲ್ಲ ತಣ್ಣಿ ವರುದುಂಗ!”

ನೀರು ಬಂದಿದೆ. ನಾನು ಉಸಿರು ಬಿಡದೆ ಕೂತೆ. ಮತ್ತೆ ಬಡಿದಳು. ಒಳಗೆ ನಾನಿರುವುದು ಅವಳಿಗೆ ಗೊತ್ತು, ನನ್ನ ಚಪ್ಪಲಿ ಹೊರಗೇ ಇತ್ತು. ಕುಬಸವಿಲ್ಲದೆ ಬಾಗಿಲು ತೆರೆಯುವುದುಂಟೇ? ಅವಳ ಮಾತು ಮೆಟ್ಟಿಲಿಳಿದು ಹೋಯಿತು. ಕೆಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು, ನಮ್ಮ ಕೊಡಗಳು ಒಲೆಯ ಮಗ್ಗುಲಲ್ಲಿ ಬರಿದಾಗಿದ್ದವು. ಇಷ್ಟಲಿಂಗದ ಪೂಜೆಯೂ ಆಗಿರಲಿಲ್ಲ. ಅವತ್ತು ನಿಮ್ಮೂರು ನೆನಪಾದಷ್ಟು ಇನ್ನಾವತ್ತೂ ಆಗಿಲ್ಲ. ನಿಮ್ಮೂರು ಎಂದೇ ಬರೆದೆ ನೋಡಿರಿ. ಇರಲಿ, ಹೊಡೆದು ಹಾಕುವುದಿಲ್ಲ.

ಸಂಜೆ ರೇಣುಕಾ ಮೆಟ್ಟಿಲು ಹತ್ತುವ ಮೊದಲೇ ಪಾಪಾತ್ತಿ ಅವಳನ್ನು ಹಿಡಿದು ನಿಲ್ಲಿಸಿದಳು. ನಿಮ್ಮಮ್ಮ ದೊಡ್ಡ ಮನೆಯವರೋ, ನಮ್ಮಂಥವರು ಬಾಗಿಲು ಬಡಿದರೆ ತೆಗೆಯುವುದಿಲ್ಲವೋ, ಇಲ್ಲಾ ಒಳಗೆ ತಪಸ್ಸಿಗೆ ಕೂತಿರುತ್ತಾರೋ ಎಂದು ಓಣಿಗೆಲ್ಲ ಕೇಳುವಂತೆ ಕೇಳಿದಳು. ಬೈದು ಮುಗಿಸಿ ತನ್ನ ಪಾಲಿನ ಒಂದು ಕೊಡ ನೀರನ್ನು ರೇಣುಕಾಳ ಕೈಗೆ ಕೊಟ್ಟಳು.

ರೇಣುಕಾ ಕೊಡ ಇಳಿಸಿ ನನ್ನನ್ನು ನೋಡಿದಳು. ನಾನಿನ್ನೂ ಸೀರೆ ಸುತ್ತಿಕೊಂಡೇ ಕೂತಿದ್ದೆ.

“ಅವ್ವಾ, ಕೈ ಎತ್ತು ನೋಡೋಣ.”

“ಯಾಕಬೇ, ಶಾಲಿ ಪೋರಿ ಮಾಡೀಯೇನ್ ನನ್ನ?”

“ಎತ್ತು ಅಂದ್ರ ಎತ್ತು.”

ಎತ್ತಿದೆ. ಎಷ್ಟು ಏಳುತ್ತದೋ ಅಷ್ಟು ಎದ್ದಿತು. ಅವಳೇ ಅದನ್ನು ಮೆಲ್ಲಗೆ ಇಳಿಸಿದಳು. ಆಮೇಲೆ ಕೇಳಿದಳು, “ವೈನಿಗೆ ಗೊತ್ತಿತ್ತೇನ?”

“ದಿನಾ ತೋಳು ಹಾಕಾಕಿ ಆಕೀನಾ ಅಲ್ಲ.”

“ಸೊಸಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಬೇಶ್ ಆತು ಬಿಡು. ನಾ ಇಡೀ ದಿನ ಪರದೇಶದ ಮಂದಿಗೆ ಅರಿವಿ ಮಾಡಾಕತ್ತೇನಿ, ನನ್ನವ್ವ ಇಲ್ಲಿ ಕುಬಸ ಇಲ್ದಾ ಕುಂತಾಳ.”

ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಬೇಕೆಂದೇ ಒಲೆಯ ಕಡೆ ತಿರುಗಿದೆ.

ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಭುಜ ಗಟ್ಟಿಯಾಗಿದೆ, ತಾನಾಗಿ ಸಡಿಲಾಗಲು ಬಹಳ ತಿಂಗಳು ಬೇಕು, ಅಲ್ಲಿಯ ತನಕ ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಬೇಕು ಎಂದರು. ಗೋಡೆಯ ಮೇಲೆ ಬೆರಳು ನಡೆಸುವುದು ಹಲ್ಲಿಯ ಕೆಲಸ. ಅದನ್ನೂ ಮಾಡುತ್ತಿದ್ದೇನೆ. ಆದರೆ ಬಹಳ ತಿಂಗಳು ಬಾಗಿಲು ಹಾಕಿಕೊಂಡು ಕೂರಲಾಗುತ್ತದೆಯೇ? ನನಗೆ ಬೇಕಾಗಿದ್ದದ್ದು ಇಷ್ಟೇ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನಾನೇ ಕುಬಸ ತೊಟ್ಟು ನಾನೇ ಬಾಗಿಲು ತೆಗೆಯಬೇಕು.

ರೇಣುಕಾಳ ಕೆಲಸ ಏನೆಂದು ನಿಮಗೆ ಸರಿಯಾಗಿ ಹೇಳಬೇಕು. ಊರಲ್ಲಿ, ಆಳಂದದಲ್ಲಿ, ನಮ್ಮ ಟೇಲರ್ ಹೇಗೆ ಹೊಲಿಯುತ್ತಾನೆ? ನಾವು ಒಂದು ಹಳೆಯ ಕುಬಸ ಕೊಡುತ್ತೇವೆ, ಅದೇ ಅಳತೆಯ ಕುಬಸ. ನನ್ನ ಮೈಗೆ ಯಾವ ಟೇಲರನೂ ಟೇಪು ಹಿಡಿದಿಲ್ಲ, ಹಿಡಿಯಗೊಟ್ಟಿಲ್ಲ. ನಿಮ್ಮ ಮುತ್ಯಾ ಇದ್ದ ಕಾಲದ ಒಂದು ಕುಬಸ ಇಂದಿಗೂ ನನ್ನ ಅಳತೆ. ಅದರ ಭುಜ ಸರಿಯಾಗಿದೆ, ನನ್ನದು ಜಾರಿದೆ. ಹೊಸ ಕುಬಸಗಳು ತೋಳಲ್ಲಿ ಯಾಕೆ ಹಿಡಿಯುತ್ತವೆ ಎಂದು ಟೇಲರನನ್ನು ಬೈಯುತ್ತಿದ್ದೆ. ಅವನು ನಾನು ಕೊಟ್ಟ ಅಳತೆಗೇ ಹೊಲಿಯುತ್ತಿದ್ದ, ಪಾಪ.

ಇಲ್ಲಿ ರೇಣುಕಾ ಕತ್ತರಿ ಹಿಡಿಯುವುದೇ ಇಲ್ಲ. ಕ್ಯಾಮೆರಾ ಸುತ್ತಲಿಂದ ತೆಗೆದ ಚಿತ್ರದಿಂದ ಕಂಪ್ಯೂಟರು ಒಂದು ಮೈ ಮಾಡುತ್ತದೆ. ಅದಕ್ಕೆ ಅವಳು ಪರದೆಯ ಮೇಲೆಯೇ ಬಟ್ಟೆ ತೊಡಿಸುತ್ತಾಳೆ. ಎಲ್ಲಿ ಬಿಗಿಯೋ ಅಲ್ಲಿ ಕೆಂಪಗೆ, ಎಲ್ಲಿ ಸಡಿಲೋ ಅಲ್ಲಿ ನೀಲಿಯಾಗಿ ಕಾಣುತ್ತದೆ. ಕೈ ಎತ್ತಿಸಿ, ಕೂರಿಸಿ, ಬಗ್ಗಿಸಿ ನೋಡಬಹುದು. ಮೊದಲೆಲ್ಲ ಒಂದು ಅಂಗಿ ಸರಿ ಬರುವ ತನಕ ಎಷ್ಟೋ ಅಂಗಿ ಕತ್ತರಿಸಿ, ಹೊಲಿದು, ವಿಮಾನದಲ್ಲಿ ಕಳಿಸಿ, ಬೇಡ ಎಂದರೆ ಮೂಲೆಗೆ ಎಸೆಯುತ್ತಿದ್ದರಂತೆ. ಈಗ ಎಸೆಯುವುದೆಲ್ಲ ಪರದೆಯ ಮೇಲೆಯೇ. ಅರಿವೆ ಹಾಳಾಗುವುದಿಲ್ಲ.

“ಕೈ ಏಳದವರಿಗೆ, ಗಾಲಿಕುರ್ಚಿ ಮ್ಯಾಲೆ ಕುಂತವರಿಗೆ ಅರಿವಿ ಮಾಡ್ರಿ ಅಂತ ಕೇಳಾಕತ್ತಾರ ಅವ್ವಾ. ಆದ್ರ ನಮ್ಮ ಕಂಪ್ಯೂಟರ್‌ದಾಗ ಇರೋ ಮುದುಕ್ಯಾರೆಲ್ಲ ಪರದೇಶದವ್ರು. ಸೀರಿ ಉಡಂಗಿಲ್ಲ, ನೆಲದ ಮ್ಯಾಲೆ ಕೂಡಂಗಿಲ್ಲ. ನೀ ಒಮ್ಮೆ ಬಂದು ನಿಂದ್ರು.”

“ನಾ ಫೋಟೋಕ್ಕ ನಿಂದ್ರಾಕಿ ಅಲ್ಲ.”

“ಫೋಟೋ ಅಲ್ಲ, ಅಳತಿ.”

ರಜೆಯ ದಿನ ನೋಡಿ ಕರೆದುಕೊಂಡು ಹೋದಳು. ಗಂಡಸರು ಯಾರೂ ಇರುವುದಿಲ್ಲ ಎಂದು ಆಣೆ ಮಾಡಿದ ಮೇಲೇ ಹೋದದ್ದು. ಇದ್ದದ್ದು ಅವಳ ಜೊತೆ ಕೆಲಸ ಮಾಡುವ ಕವಿತಾ ಎಂಬ ಇಲ್ಲಿನ ಹುಡುಗಿ ಒಬ್ಬಳೇ. ಆದರೂ ನಾನು ತಲೆ ಮೇಲೆ ಸೆರಗು ಹೊದ್ದು, ಎಲೆಯಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತೆ. ಕಂಪ್ಯೂಟರಿಗೆ ಎಲ್ಲವೂ ಮೈಯೇ. ಪರದೆಯ ಮೇಲೆ ಬಂದದ್ದು ತೊಗರಿ ತುಂಬಿ ಬಾಯಿ ಕಟ್ಟಿದ ಚೀಲ, ಅದರ ಸೊಂಟಕ್ಕೊಂದು ಗೆಡ್ಡೆ. ರೇಣುಕಾ ನಕ್ಕು ನಕ್ಕು ಕೆಳಗೆ ಕೂತಳು. ಕೊನೆಗೆ ಮೈಗಂಟುವ ಬನಿಯನ್ನು ತೊಡಿಸಿ, ದೀಪ ಹಚ್ಚಿಟ್ಟು, ತಾವಿಬ್ಬರೂ ಪರದೆಯ ಕಡೆ ಮುಖ ಮಾಡಿ ನಿಂತರು. ಆಗ ಹುಟ್ಟಿದವಳೇ ನಾನು ಮೊದಲಿಗೆ ಬರೆದ ಆ ಬೂದಿ ಹೆಂಗಸು.

ಎರಡು ದಿನ ಬಿಟ್ಟು ರೇಣುಕಾ ಮನೆಗೆ ಬರುವಾಗ ಕವಿತಾಳೂ ಜೊತೆಗೆ ಬಂದಳು. ಹುಡುಗಿಯ ಮುಖ ಸಣ್ಣದಾಗಿತ್ತು. ನನ್ನ ಕೈ ಹಿಡಿದು, “ಪಾಟಿ, ನೆಂಜಿಲೆ ಕಟ್ಟಿಯಾ? ಡಾಕ್ಟರ್‌ಗೆ ತೋರಿಸಿದ್ದೀರಾ?” ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದಳು. ಪಾಟಿ ಎಂದರೆ ಅಜ್ಜಿ, ನೆಂಜು ಎಂದರೆ ಎದೆ. ಎದೆಯಲ್ಲಿ ಗಡ್ಡೆ ಇದೆಯೇ ಎಂದು ಕೇಳುತ್ತಿದ್ದಳು. ಅವಳು ಪರದೆಯ ಮೇಲೆ ನನ್ನ ಎದೆಯ ನಡುವೆ ಮೊಟ್ಟೆಯಷ್ಟು ದಪ್ಪದ ಗಂಟು ನೋಡಿ, ರೇಣುಕಾಳಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದ್ದಳಂತೆ.

ನಾನು ಸೆರಗಿನೊಳಗಿಂದ ಶಿವದಾರ ಹಿಡಿದು ಬೆಳ್ಳಿಯ ಕರಡಿಗೆ ತೆಗೆದು ತೋರಿಸಿದೆ. ಅದರೊಳಗೆ ಇಷ್ಟಲಿಂಗ ಇರುತ್ತದೆ, ಮೈಯಿಂದ ಅಗಲಿಸಬಾರದು ಎಂದು ರೇಣುಕಾ ತಿಳಿಸಿ ಹೇಳಿದಳು. ಹುಟ್ಟಿದಾಗಿನಿಂದ ನನ್ನ ಕೊರಳಲ್ಲಿ ನೋಡುತ್ತ ಬಂದದ್ದಕ್ಕೋ ಏನೋ, ಬನಿಯನ್ನು ತೊಡಿಸುವಾಗ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಕವಿತಾ ಗೋಡೆಗೆ ಒರಗಿ, “ಅಯ್ಯೋ ಪಾಟಿ” ಎಂದು ನಗಲು ಶುರು ಮಾಡಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಈ ಊರಿನಲ್ಲಿ ನನ್ನ ಸಲುವಾಗಿ ಎರಡು ದಿನ ನಿದ್ದೆಗೆಟ್ಟವರು ಇದ್ದಾರೆ ಎಂದು ನನಗೆ ಅವತ್ತು ತಿಳಿಯಿತು. ಹಿಂಡಿ ಹಚ್ಚಿ ರೊಟ್ಟಿ ಕೊಟ್ಟೆ. ಸಂಭಾವಿತ ಹುಡುಗಿ, ಹಪ್ಪಳ ಎನ್ನದೆ ತಿಂದಳು.

“ಆ ಗಂಟು ಅಳಿಸಿಬಿಡಲೇನ?” ಎಂದು ರೇಣುಕಾ ಕೇಳಿದಳು.

“ಅಳಿಸಿದ್ರ ಅದು ನಾ ಹೆಂಗ ಆಗ್ತೇನಿ?”

ಅಳಿಸಲಿಲ್ಲ. ಅದಕ್ಕೆ ಕುಬಸದ ಒಳಗೆ ಒಂದು ಮೆತ್ತನೆಯ ಜಾಗ ಮಾಡಿದಳು. ಬಗ್ಗಿದಾಗ ಕರಡಿಗೆ ಜೋತಾಡಿ ಕೊಡಕ್ಕೆ ಬಡಿಯುತ್ತಿತ್ತು, ಈಗ ಅಲ್ಲೇ ಕೂತಿರುತ್ತದೆ.

ಬಣ್ಣದ ಮಾತು ಬಂದಾಗ ನಾನು ಬೂದಿ ಬಣ್ಣ ಎಂದೆ. ರೇಣುಕಾ ವಾದ ಮಾಡಲಿಲ್ಲ. ಪರದೆಯ ಮೇಲೆ ಒಂದೊಂದೇ ಬಣ್ಣ ತೊಡಿಸುತ್ತ ಹೋದಳು. ಬೂದಿ, ಕಂದು, ನೀಲಿ, ಆಮೇಲೆ ತೊಗರಿ ಹೂವಿನ ಹಳದಿ. ನಮ್ಮ ಧರ್ಮದಲ್ಲಿ ಗಂಡ ಹೋದವಳು ಇದನ್ನು ತೊಡಬೇಕು, ಅದನ್ನು ಬಿಡಬೇಕು ಎಂಬುದಿಲ್ಲ. ಬಸವಣ್ಣನವರು ಅದನ್ನೆಲ್ಲ ಎಂದೋ ತೆಗೆದು ಹಾಕಿದರು. ಆದರೆ ಓಣಿಯ ಕಣ್ಣು ಬಸವಣ್ಣನವರ ಮಾತು ಕೇಳುವುದಿಲ್ಲ. ನಿಮ್ಮ ಮುತ್ಯಾ ಹೋದಾಗಿನಿಂದ ನಾನೇ ಬಣ್ಣಗಳಿಂದ ದೂರ ಸರಿದಿದ್ದೆ, ಯಾರೂ ಹೇಳಿರಲಿಲ್ಲ. ಪರದೆಯ ಮೇಲಿನವಳಿಗೆ ಓಣಿಯಿಲ್ಲ. ಹಳದಿ ತೊಟ್ಟು ಆರಾಮವಾಗಿ ತಿರುಗುತ್ತಿದ್ದಳು. ನಾನು ಎಷ್ಟು ಹೊತ್ತು ನೋಡಿದೆನೋ, ರೇಣುಕಾ ಮುಂದಿನ ಬಣ್ಣ ಒತ್ತಲಿಲ್ಲ.

ಆ ಹಳದಿ ನೂಲು ಎಲ್ಲಿಂದ ಬಂತು ಎಂದು ಹೇಳಿದರೆ ಸಂಗು ನಂಬುವುದಿಲ್ಲ. ಇಲ್ಲಿ ಅಂಗಿ ಕತ್ತರಿಸಿ ಉಳಿದ ತುಂಡುಗಳನ್ನು ಹೆಂಗಸರು ಕೂತು ಬಣ್ಣ ಬಣ್ಣ ಬೇರೆ ಮಾಡುತ್ತಾರೆ, ನಾವು ತೊಗರಿಯಲ್ಲಿ ಕಲ್ಲು ಆರಿಸುವ ಹಾಗೆ. ಒಂದೇ ಬಣ್ಣದ ತುಂಡುಗಳನ್ನು ಯಂತ್ರ ಹಿಂಜಿ ಮತ್ತೆ ಹತ್ತಿ ಮಾಡುತ್ತದೆ, ಅದರಿಂದ ಹೊಸ ನೂಲು ತೆಗೆಯುತ್ತಾರೆ. ಬಣ್ಣ ಮೊದಲೇ ಇರುವುದರಿಂದ ಮತ್ತೆ ಅದ್ದುವ ಕೆಲಸವಿಲ್ಲ, ನೀರು ಬೇಕಿಲ್ಲ. ಹಿಂದೆ ಈ ಊರಿನ ಹೊಳೆ ಒಂದೊಂದು ದಿನ ಒಂದೊಂದು ಬಣ್ಣ ಹರಿಯುತ್ತಿತ್ತು ಎಂದು ಪಾಪಾತ್ತಿ ಹೇಳುತ್ತಾಳೆ. ಅವಳ ಬಾವಿ ಕೆಟ್ಟದ್ದು ಆಗಲೇ ಅಂತೆ. ಈಗ ಬಣ್ಣದ ನೀರನ್ನು ತೊಳೆದು ಮತ್ತೆ ಬಳಸುತ್ತಾರಂತೆ, ಹೊಳೆ ಇನ್ನೂ ಪೂರಾ ಸುಧಾರಿಸಿಲ್ಲ. ನಾನು ಭೀಮಾ ದಂಡೆಯಲ್ಲಿ ಬೆಳೆದವಳು. ಬಾವಿ ಕೆಟ್ಟ ಮಾತು ಹೇಳುವಾಗ ಪಾಪಾತ್ತಿಯ ಕತ್ತರಿ ಯಾಕೆ ನಿಂತಿತು ಎಂದು ನನಗೆ ಅರ್ಥವಾಗುತ್ತದೆ.

ಕುಬಸವನ್ನು ಯಾರೂ ಹೊಲಿಯಲಿಲ್ಲ. ಒಂದು ಯಂತ್ರ ನೂಲಿನಿಂದ ನೇರ ಇಡೀ ಕುಬಸವನ್ನೇ ಹೆಣೆದು ಕೆಳಗಿಳಿಸಿತು, ತೋಳು ಸಮೇತ. ತುಂಡು ಉಳಿಯಲಿಲ್ಲ, ಪಿಸಿರು ಇಲ್ಲ. ಬಲಗಡೆ ಕೊರಳಿನಿಂದ ಭುಜದ ಮೇಲೆ ಹಾದು ತೋಳಿನ ತುದಿಯ ತನಕ ಖುಲ್ಲಾ. ಕೈ ಎತ್ತಬೇಕಿಲ್ಲ, ಹಿಂದೆ ಒಯ್ಯಬೇಕಿಲ್ಲ. ಜೋತುಬಿದ್ದ ಕೈಯ ಮೇಲೆ ಬಟ್ಟೆ ಹೊದಿಸಿದಂತೆ ಹೊದಿಸಿಕೊಂಡರೆ ಅಂಚಿನಲ್ಲಿ ಅಡಗಿಸಿದ ಸಣ್ಣ ಸೂಜಿಗಲ್ಲುಗಳು ತಾವೇ ಒಂದನ್ನೊಂದು ಹಿಡಿಯುತ್ತವೆ. ಅದನ್ನು ಕಂಡ ಪಾಪಾತ್ತಿ, “ಪಿಸಿರಿಲ್ಲದ ಜಾಕೆಟ್ಟು ಮಾಡಿದರೆ ನನ್ನ ಹೊಟ್ಟೆಗೇನು ಗತಿ?” ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಸ್ವಲ್ಪ ದಿನದ ಮೇಲೆ ರೇಣುಕಾ ಸೂಜಿಗಲ್ಲು ಕೂರಿಸುವ ಕೈಕೆಲಸವನ್ನು ಪಾಪಾತ್ತಿಗೆ ಕೊಡಿಸಿದಳು. ಓಣಿಯಲ್ಲಿ ಪಿಸಿರು ಕತ್ತರಿಸುವವರು ಇನ್ನೂ ಬಹಳ ಮಂದಿ ಇದ್ದಾರೆ. ಅವರ ಮಾತು ಮುಗಿದಿಲ್ಲ.

ಮೊದಲನೆಯ ಕುಬಸ ಕೆಲಸಕ್ಕೆ ಬರಲಿಲ್ಲ. ಬಗ್ಗಿ ಕೊಡ ಎತ್ತಿದರೆ ಭುಜದ ಮೇಲೆ ಟಪ್ಪೆಂದು ಬಿಚ್ಚಿಕೊಂಡಿತು. ಅಡಿಗೆಮನೆಗೆ ಹೋದರೆ ಚಮಚ ಬಂದು ತೋಳಿಗೆ ಅಂಟಿತು. ಸೌಟಿನ ಸಮೇತ ಬಂದೀಯಲ್ಲ ಎಂದು ರೇಣುಕಾ ಕಾಡಿದಳು. ಪರದೆಯ ಮೇಲೆ ನನ್ನಂಥವಳನ್ನೇ ಮತ್ತೆ ಮತ್ತೆ ಬಗ್ಗಿಸಿ, ನೆಲಕ್ಕೆ ಕೂರಿಸಿ, ಕೊಡ ಹೊರಿಸಿ ನೋಡಿದರು. ನನ್ನ ಬದಲು ಅವಳು ದುಡಿದಳು, ನಾನು ಮನೆಯಲ್ಲಿ ಗೋಡೆ ಹತ್ತುತ್ತಿದ್ದೆ. ಎರಡನೆಯ ಕುಬಸದಲ್ಲಿ ಕಲ್ಲುಗಳು ಬಟ್ಟೆಯ ಒಳಮೈಗೆ ಹೋದವು, ಭುಜದ ಮೇಲೆ ಒಂದು ಮಡಿಕೆ ಬಂತು.

ರೇಣುಕಾ ಮತ್ತೆ ನಸುಕಿನಲ್ಲೇ ಹೋದ ಒಂದು ದಿನ. ಸ್ನಾನ ಮಾಡಿ ಎಡತೋಳು ತೂರಿಸಿದೆ. ಬಲಗೈ ಸುಮ್ಮನೆ ಜೋತುಬಿದ್ದಿತ್ತು. ಎಡಗೈಯಿಂದ ಅಂ‍ಚು ಎಳೆದು ಹೊದಿಸಿದೆ. ಟಿಕ್, ಟಿಕ್, ಟಿಕ್ ಎಂದು ಕೊರಳ ತನಕ ಕೂಡಿಕೊಂಡು ಹೋಯಿತು. ಮೈಯ ಮೇಲೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಸೀರೆ ಉಟ್ಟು, ಲಿಂಗಪೂಜೆ ಮುಗಿಸಿ, ಎರಡೂ ಕೊಡಗಳನ್ನು ಹಿಡಿದು, ಯಾರೂ ಬಡಿಯದ ಬಾಗಿಲನ್ನು ನಾನೇ ತೆಗೆದು ಕೆಳಗಿಳಿದೆ. ಅವತ್ತು ನಲ್ಲ ತಣ್ಣಿ ಬರುವ ದಿನವೇ ಅಲ್ಲ. ಪಾಪಾತ್ತಿ ನನ್ನನ್ನೂ ಕೊಡಗಳನ್ನೂ ಹಳದಿ ತೋಳನ್ನೂ ನೋಡಿ, “ಎಲ್ಲಿಗೆ ಅಮ್ಮಣಿ, ಮದುವೆಗಾ?” ಎಂದಳು. ಖಾಲಿ ಕೊಡ ಇಟ್ಟು ಅವಳ ಮಗ್ಗುಲಲ್ಲಿ ಕೂತೆ. ಬಿಸಿಲು ಬರುವ ತನಕ ಕೂತಿದ್ದೆ.

ಶ್ರಾವಣಕ್ಕೆ ನಾನು ಊರಿಗೆ ಬಂದದ್ದು, ಓಣಿಯವರೆಲ್ಲ ಸೂಜಿಗಲ್ಲು ಮುಟ್ಟಿ ನೋಡಿದ್ದು, ಜೇವರ್ಗಿಯಿಂದ ಬಂದಿದ್ದ ನಿಮ್ಮ ತಾಯಿ ಕಡೆಯ ಆಯಿಯ ಸುತ್ತ ಭಾಗ್ಯಾ ಫೋನು ಹಿಡಿದು ತಿರುಗಿ ಅಳತೆ ಕಳಿಸಿದ್ದು ನಿಮಗೆ ಗೊತ್ತೇ ಇದೆ. ಹತ್ತಿ ಬಿಡಿಸಿ ಬಿಡಿಸಿ ಆಕೆಯ ಮೊಣಕೈ ಮಡಿಚುವುದಿಲ್ಲ. ಆಕೆಯ ಕುಬಸ ಇಲ್ಲಿ ತಯಾರಾಗುತ್ತಿದೆ, ಆಕೆ ತಿರುಪ್ಪೂರನ್ನು ನೋಡದೆಯೇ. ಇಂಥದ್ದು ಬೇಕೆಂದು ಇನ್ನೂ ಮಂದಿ ಕೇಳಿದ್ದಾರೆ. ರೇಣುಕಾ ಈಗ ನಮ್ಮ ಕಡೆಯ ಹೆಂಗಸರ ಮೈಗಳನ್ನೇ ಒಂದೊಂದಾಗಿ ಕೂಡಿಸುತ್ತಿದ್ದಾಳೆ.

ನೀವು ಮಲಗಿದ್ದಾಗ ಆದದ್ದು ಮಾತ್ರ ನಿಮಗೆ ಗೊತ್ತಿಲ್ಲ. ಬಂದ ಮರುದಿನ ಮುಂಜಾನೆ ಸ್ನಾನ ಮುಗಿಸಿ ಕುಬಸ ತೊಟ್ಟು ನಿಂತಿದ್ದೆ. ಸುವರ್ಣಾ ಯಾವಾಗಿನಂತೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ನೋಡಿ ನಿಂತಳು.

“ಅಗ್ದಿ ಚಂದ ಆಗ್ಯಾದ ಬಿಡ್ರಿ ಅತ್ತಿ. ಇನ್ನ ನಾ ಬೇಕಾಗಿಲ್ಲ ನಿಮಗ.”

ನಗುತ್ತಲೇ ಅಂದಳು. ಆದರೆ ಹೋಗಲಿಲ್ಲ, ಅಲ್ಲೇ ನಿಂತಳು. ಆ ಹೊತ್ತಿನಲ್ಲೇ ಅಲ್ಲವೇ ನಾವಿಬ್ಬರೂ ಮಾತಾಡುತ್ತಿದ್ದದ್ದು. ತೋಳು ತೂರಿಸುತ್ತ ಅವಳು ತವರಿನ ಮಾತು ಹೇಳುತ್ತಿದ್ದಳು, ನಾನು ನಿಮ್ಮ ಮುತ್ಯಾನ ಮಾತು ಹೇಳುತ್ತಿದ್ದೆ. ಬೇರೆ ಹೊತ್ತಿನಲ್ಲಿ ಅವಳಿಗೆ ಪುರುಸೊತ್ತಿಲ್ಲ, ನನಗೆ ಬಾಯಿಲ್ಲ.

“ಕೂದಲಾ ಯಾರು ಕಟ್ಟಬೇಕು?” ಎಂದೆ. “ಸೂಜಿಗಲ್ಲು ತಲಿಗೆ ಬರಂಗಿಲ್ಲ.”

ಅವಳು ಕೊಬ್ಬರಿ ಎಣ್ಣೆ ತಂದು ಹಿಂದೆ ಕೂತಳು. ಕುಬಸದ ಕೆಲಸಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ನಾನು ಮರಳಿ ಹೊರಡುವ ದಿನವೂ ಕಟ್ಟಿಕೊಟ್ಟಳು, ಕತ್ತಿನ ಬುಡಕ್ಕೆ ಇಳಿಸಿ ಬಿಗಿಯಾದ ತುರುಬು.

ಇಲ್ಲಿ ಪಾಪಾತ್ತಿ ಕಟ್ಟುತ್ತಾಳೆ. ನೆತ್ತಿಯ ಹತ್ತಿರ ಎತ್ತಿ ಕಟ್ಟುತ್ತಾಳೆ, ಇಲ್ಲಿನವರ ರೀತಿ. ಅವಳು ಬಾಚುವುದನ್ನು ನೋಡಿ ರೇಣುಕಾ ಮೊನ್ನೆ ಅಂದಳು, “ಇದಕ್ಕೂ ಏನರ ಮಾಡಬಹುದು ಅವ್ವಾ. ಉದ್ದನ ಹಿಡಿಕಿ, ಬಾಗಿದ ಬಾಚಣಿಕಿ. ಒಂದ್ ವಾರದ ಕೆಲಸ.”

“ಬ್ಯಾಡಬೇ. ಇದೊಂದು ಹಿಂಗಾ ಇರಲಿ.”

ಊರಿಂದ ಬರುವಾಗ ಸುವರ್ಣಾ ಕಟ್ಟಿದ ತುರುಬು ಕೆಡಬಾರದೆಂದು ರೈಲಿನಲ್ಲಿ ಒಂದೇ ಮಗ್ಗುಲಲ್ಲಿ ಮಲಗಿ ಬಂದಿದ್ದೆ. ಬಂದ ಮೇಲೂ ಎರಡು ದಿನ ಬಿಚ್ಚಲಿಲ್ಲ. ಮೂರನೆಯ ದಿನ ಪಾಪಾತ್ತಿ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ಕೂರಿಸಿದಳು. ಯಾರು ಕಟ್ಟಿದ್ದು ಎಂದು ಕೇಳಿದಳು, ಸೊಸೆ ಎಂದೆ. ಒಂದು ಗಳಿಗೆ ಕೈ ತಡೆದು, ನಿಧಾನಕ್ಕೆ, ಒಂದು ಕೂದಲೂ ಎಳೆಯದಂತೆ ಬಿಚ್ಚಿದಳು.